ಭಾನುವಾರದ ‘ಲ್’ ಎಲ್ಲಿ ಹೋಯಿತು? ಕೊರಿಯನ್ ಉಚ್ಚಾರಣೆಯ ಗೊಂದಲ

ಪ್ರಶ್ನೆ:
ಮೂರು ತಿಂಗಳಿಂದ ಕೊರಿಯನ್ ಕಲಿಯುತ್ತಿದ್ದೇನೆ. ಹಾಂಗುಲ್ ಲಿಪಿ ಒಂದೇ ವಾರದಲ್ಲಿ ಕೈವಶವಾಯಿತೆಂದು ಬೀಗುತ್ತಿದ್ದೆ. ಈಗ ಕಿವಿ ಕೈಕೊಟ್ಟಿದೆ. ಭಾನುವಾರವನ್ನು ಇಲ್, ಯೊ, ಇಲ್ ಎಂದು ಮೂರು ಕಟ್ಟುಗಳಾಗಿ (ಅಕ್ಷರಗಳನ್ನು ಜೋಡಿಸಿ ಒಂದೊಂದು ಉಚ್ಚಾರಾಂಶಕ್ಕೆ ಒಂದು ಕಟ್ಟು) ಬರೆಯುತ್ತಾರೆ, ಧ್ವನಿಮುದ್ರಣದಲ್ಲಿ ‘ಇರ್ಯೊಇಲ್’ ಎನ್ನುತ್ತಾರೆ. ಮೊದಲ ಕಟ್ಟೂ ಕೊನೆಯ ಕಟ್ಟೂ ಬರಹದಲ್ಲಿ ಒಂದೇ! ಬಟ್ಟೆಗೆ ‘ಒತ್’, ಅದಕ್ಕೆ ಕರ್ತೃವಿನ ಪ್ರತ್ಯಯ ‘ಇ’ ಸೇರಿದರೆ ‘ಒಶಿ’. ಇದಕ್ಕೆಲ್ಲ ನಿಯಮವಿದೆಯೇ, ಬಾಯಿಪಾಠವೇ ಗತಿಯೇ?

ಉತ್ತರ 1:
ನಿಯಮವಿದೆ, ಅರ್ಧ ನಿಮಗೆ ಶಾಲೆಯಲ್ಲೇ ಬಂದಿದೆ. ವಾಕ್ + ಈಶ = ವಾಗೀಶ ಎಂದು ಕಲಿತದ್ದು ನೆನಪಿದೆಯಲ್ಲ? ಪುಸ್ತಕಕ್ಕೆ ಕೊರಿಯನ್‌ನಲ್ಲಿ ‘ಚೆಕ್’. ಚೆಕ್ + ಇ = ಚೆಗಿ. ವಾಕ್ + ಮಯ = ವಾಙ್ಮಯ ಆದಂತೆ ಸಾರಿನ ತಿಳಿಗೆ ಕುಕ್ + ಮುಲ್ = ಕುಙ್ಮುಲ್. ವ್ಯತ್ಯಾಸ ಒಂದೇ: ನಾವು ಸಂಧಿ ಮಾಡಿ ಬರೆಯುತ್ತೇವೆ, ಅವರು ಪದ ಬಿಡಿಸಿ ಬರೆದು ಓದುವಾಗ ಸಂಧಿ ಮಾಡುತ್ತಾರೆ. ಲಿಪಿ 1446ರಲ್ಲಿ ಪ್ರಕಟವಾದ ಮೇಲೆ ಬಹುಕಾಲ ಕೇಳಿಸಿದಂತೆ ಬರೆಯುವುದೇ ಹೆಚ್ಚಿತ್ತು. ಪದದ ಮೂಲರೂಪ ಕಣ್ಣಿಗೆ ಕಾಣುವಂತೆ ಬರೆಯಬೇಕೆಂಬ ಪದ್ಧತಿ 1933ರ ಕಾಗುಣಿತ ನಿಯಮಾವಳಿಯಿಂದ ಗಟ್ಟಿಯಾಯಿತು. ಓದುವವರಿಗೆ ಅದು ಉಪಕಾರ, ಕಲಿಯುವವರಿಗೆ ತಲೆನೋವು.

ಇನ್ನು ನಿಮ್ಮ ಬಟ್ಟೆ. ಅದರ ಅಡಿಯಲ್ಲಿ, ಅಂದರೆ ಕಟ್ಟಿನ ಕೊನೆಯಲ್ಲಿ, ಬರೆಯುವ ಅಕ್ಷರ ‘ಸ್’. ಮುಂದೆ ಸ್ವರವಿಲ್ಲದಿದ್ದರೆ ಕೊರಿಯನ್ ಬಾಯಿ ಅದನ್ನು ಹೊರಬಿಡದೆ ನಾಲಿಗೆಯಲ್ಲೇ ತಡೆದು ‘ತ್’ ಮಾಡುತ್ತದೆ. ಸ್ವರ ಬಂತೋ, ‘ಸ್’ ಮುಂದಿನ ಕಟ್ಟಿಗೆ ಜಿಗಿಯುತ್ತದೆ. ‘ಇ’ ಎದುರಿಗಿರುವುದರಿಂದ ‘ಶಿ’. ಹೂವಿನದೂ ಇದೇ ಕಥೆ: ಒಂಟಿಯಾಗಿ ‘ಕ್ಕೊತ್’, ಪ್ರತ್ಯಯ ಸೇರಿದರೆ ‘ಕ್ಕೊಚಿ’. ಭಾನುವಾರದಲ್ಲಿ ‘ಲ್’ ಎಲ್ಲೂ ಹೋಗಿಲ್ಲ. ಆ ಅಕ್ಷರ ಕಟ್ಟಿನ ಕೊನೆಯಲ್ಲಿ ‘ಲ್’, ಸ್ವರಗಳ ನಡುವೆ ‘ರ್’.

ಉತ್ತರ 2:
ಎಲ್ಲವೂ ಜಿಗಿಯುವುದಿಲ್ಲ, ಎಚ್ಚರ. ಸೊನ್ನೆಯಾಕಾರದ ಒಂದು ಅಕ್ಷರವಿದೆ: ಕಟ್ಟಿನ ಆರಂಭದಲ್ಲಿ ಅದು ಮೂಕ, ಅಡಿಯಲ್ಲಿ ‘ಙ್’. ಈ ‘ಙ್’ ತನ್ನ ಜಾಗ ಬಿಡುವುದಿಲ್ಲ. ನಾಯಿಮರಿ ‘ಕಾಙ್-ಆ-ಜಿ’, ಎಂದೂ ‘ಕಾಗಾಜಿ’ ಆಗದು. ಕ್ರಿಯಾಪದದ ಅಡಿಯಲ್ಲಿ ‘ಹ್’ ಇದ್ದರೆ ಸ್ವರದ ಮುಂದೆ ಮಾಯ: ಚೆನ್ನಾಗಿದೆ ಎನ್ನಲು ‘ಚೋಹ್’ + ‘ಆಯೊ’ ಎಂದು ಬರೆದದ್ದು ‘ಚೋಆಯೊ’ ಆಗುತ್ತದೆ.

ಪ್ರಶ್ನೆ ಕೇಳಿದವರು:
ವಾಗೀಶ ಕೊರಿಯಾದಲ್ಲಿ ಸಿಗುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ! ಆದರೆ ನಿನ್ನೆ ಕೇಳಿದ ವಾಕ್ಯದಲ್ಲಿ ‘ಬಟ್ಟೆಯ ಒಳಗೆ’ ಎಂಬುದು ‘ಒದಾನ್’ ಆಗಿತ್ತು. ಒಳಗೆ ಎಂದರೆ ‘ಆನ್’. ಸ್ವರ ಎದುರಿಗೇ ಇದೆ, ‘ಒಸಾನ್’ ಏಕಲ್ಲ?

ಉತ್ತರ 1:
ಒಳ್ಳೆಯ ಜಾಗದಲ್ಲಿ ಎಡವಿದ್ದೀರಿ. ‘ಇ’ ಬರಿಯ ಪ್ರತ್ಯಯ, ‘ಆನ್’ ಸ್ವತಂತ್ರ ಪದ. ಸ್ವತಂತ್ರ ಪದ ಎದುರಾದರೆ ‘ಸ್’ ಮೊದಲು ‘ತ್’ ಆಗಿ, ಆಮೇಲೆ ಜಿಗಿಯುತ್ತದೆ. ಸ್ವರಗಳ ನಡುವೆ ಸಿಕ್ಕಿ ‘ದ್’. ರುಚಿಗೆ ಬರಹದಲ್ಲಿ ‘ಮಾಸ್’; ‘ರುಚಿಯಿಲ್ಲ’ ಎನ್ನುವ ‘ಮಾದಪ್‌ತಾ’ದಲ್ಲೂ ಹೀಗೆಯೇ. ತಮಾಷೆ ನೋಡಿ, ‘ರುಚಿಯಾಗಿದೆ’ ಎಂಬುದು ನಿಯಮದಂತೆ ‘ಮಾದಿತ್ತಾ’ ಆಗಬೇಕು, ಜನ ಹೇಳುವುದು ‘ಮಾಶಿತ್ತಾ’. ಕೊನೆಗೆ ಪ್ರಮಾಣಿತ ಉಚ್ಚಾರಣೆಯೇ ಎರಡನ್ನೂ ಒಪ್ಪಿಕೊಂಡಿದೆ. ನೀವು ‘ಮಾಶಿತ್ತಾ’ ಎನ್ನಿ.