ಅಪ್‌ಡೇಟ್: ಶಾಲೆಯ ಬಿಲ್ಲುಗಾರಿಕೆ, 12 ಮಕ್ಕಳಿಂದ 40ಕ್ಕೆ

ಮಕ್ಕಳು 12ರಿಂದ 40 ಆದರೆ ಬಿಲ್ಲು ಎಷ್ಟು ಬೇಕು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. 40 ಬೇಡವೇ ಬೇಡ, 10 ಸಾಕು. ಹತ್ತತ್ತು ಮಕ್ಕಳ ನಾಲ್ಕು ಸರದಿ, ತಲಾ 3 ಬಾಣ. ಎಡಗಣ್ಣು ಪ್ರಬಲವಾಗಿರುವವರಿಗೆಂದು (ಗುರಿ ನೋಡಲು ಎಡಗಣ್ಣನ್ನೇ ಹೆಚ್ಚು ನೆಚ್ಚುವವರು) ಎರಡಾದರೂ ಎಡಗೈ ಬಿಲ್ಲು ಇರಲಿ.

ಶುರುವಿಗೆ 10–14 ಪೌಂಡ್ ಎಳೆತ (ಹೆದೆ ಪೂರ್ತಿ ಎಳೆಯಲು ಬೇಕಾದ ಬಲ), 5 ಮೀಟರ್ ದೂರ, 80 ಸೆಂ.ಮೀ. ಅಗಲದ ಗುರಿ. ಬಿಗಿ ಬಿಲ್ಲು ಕೊಟ್ಟರೆ ಮಕ್ಕಳು ಭುಜ ಎತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ ಎಳೆಯುತ್ತಾರೆ. ಆ ಚಾಳಿ ಬಿಡಿಸುವುದೇ ದೊಡ್ಡ ಕೆಲಸ. ಬೆಳೆಯುವ ಮಕ್ಕಳಲ್ಲವೇ, ಬಾಣದ ಉದ್ದವನ್ನೂ ಆಗಾಗ ಅಳೆಯಬೇಕು. ಪೂರ್ತಿ ಎಳೆದಾಗ ಬಾಣದ ತುದಿ ರೆಸ್ಟಿಗಿಂತ (ಬಿಲ್ಲಿನ ಮೇಲೆ ಬಾಣ ಕೂರುವ ಆಸರೆ) 2 ಇಂಚಾದರೂ ಮುಂದಿರಬೇಕು. ಗಿಡ್ಡ ಬಾಣ ರೆಸ್ಟಿನಿಂದ ಹಿಂದಕ್ಕೆ ಜಾರಿದರೆ ಬಿಲ್ಲು ಹಿಡಿದ ಕೈಗೇ ಚುಚ್ಚುತ್ತದೆ.

ಸೀಟಿಯ ಲೆಕ್ಕ: ಎರಡಕ್ಕೆ ಗೆರೆಗೆ ಬರುವುದು, ಒಂದಕ್ಕೆ ಹೊಡೆಯುವುದು, ಮೂರಕ್ಕೆ ಬಾಣ ತರುವುದು, ಐದಕ್ಕೆ ಇದ್ದಲ್ಲೇ ನಿಲ್ಲುವುದು. ಬಾಣ ಕೀಳುವವರ ಹಿಂದೆ ಯಾರೂ ನಿಲ್ಲಬಾರದು. ಬಾಣದ ಹಿಂಬದಿ ಕಣ್ಣಿಗೆ ತಾಗೀತು.

ಬಿಲ್ಲು ಹಾಳಾಗುವುದು ಹೆಚ್ಚಾಗಿ ಬಾಣವಿಲ್ಲದೆ ಹೆದೆ ಎಳೆದು ಬಿಡುವುದರಿಂದ. ಬಾಣ ಹೀರಬೇಕಾದ ಶಕ್ತಿ ಬಿಲ್ಲಿನ ತೋಳುಗಳಿಗೇ ಬಡಿದು ಬಿರುಕು ಬೀಳುತ್ತದೆ. ಹೆದೆಗೆ ವಾರಕ್ಕೊಮ್ಮೆ ಮೇಣ ಸವರಿ, ಎಳೆ ಕಿತ್ತಿದ್ದರೆ ಬದಲಿಸಿ.