ಸ್ಟಾಂಪ್ ಪೇಪರಿನಲ್ಲಿ ಬರೆದುಕೊಟ್ಟರೆ ಮದುವೆ ಮುಗಿದ ಹಾಗಾ?

ಹೊಂಗೆನೆರಳು:
ಎರಡೂ ಕಡೆಯ ಹಿರಿಯರು ಕೂತು ನಮ್ಮಿಬ್ಬರನ್ನು ಬೇರೆ ಮಾಡಿದರು. ‘ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ, ಇನ್ನು ಒಬ್ಬರ ತಂಟೆಗೆ ಒಬ್ಬರು ಬರುವುದಿಲ್ಲ’ ಎಂದು ಸ್ಟಾಂಪ್ ಪೇಪರಿನಲ್ಲಿ ಬರೆಸಿ ನೋಟರಿ ಮಾಡಿಸಿದರು. ಕೋರ್ಟಿಗೆ ಯಾರೂ ಹೋಗಿಲ್ಲ. ಈಗ ನನ್ನ ಗಂಡನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರಂತೆ. ‘ಪೇಪರ್ ಇದೆಯಲ್ಲ, ಎಲ್ಲಾ ಮುಗೀತು’ ಅನ್ನುತ್ತಾರೆ ಅತ್ತೆ. ನಾನೀಗ ಹೆಂಡತಿ ಹೌದೋ ಅಲ್ಲವೋ? ನನಗೂ ಮಗನಿಗೂ ಖರ್ಚಿಗೆ ಕೇಳಬಹುದಾ? ನಮ್ಮದು ಹಿಂದೂ ಮದುವೆ, ರಿಜಿಸ್ಟರ್ ಆಗಿದೆ.

ಕರಿಕೋಟು:
ಈಗಲೂ ನೀವೇ ಹೆಂಡತಿ. ಮದುವೆ ಮುರಿಯುವ ಅಧಿಕಾರ ನೋಟರಿಗಿಲ್ಲ. ಕೆಲವು ಸಮುದಾಯಗಳಲ್ಲಿ ರೂಢಿಯ ವಿಚ್ಛೇದನ ಇದೆ, ಹಿಂದೂ ವಿವಾಹ ಕಾಯ್ದೆಯ 29(2) ಅದನ್ನು ಉಳಿಸಿದೆ. ಆದರೆ ಅಂಥ ರೂಢಿ ಇದೆ ಅನ್ನುವವರೇ ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಅದೇನು ಸುಲಭವಲ್ಲ. ಅದಿಲ್ಲದೆ ಅವರು ಇನ್ನೊಂದು ಮದುವೆಯಾದರೆ ಅದು ಊರ್ಜಿತವಾಗದು. ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲೂ ಆಗಬಹುದು.

ನನಗೆ ಚಿಂತೆ ಇರುವುದು ‘ಇಬ್ಬರೂ ಒಪ್ಪಿ’ ಅನ್ನುವ ಆ ಎರಡು ಪದದ ಬಗ್ಗೆ. ಜೀವನಾಂಶದ ಸೆಕ್ಷನ್ ಹಿಂದೆ ಸಿಆರ್‌ಪಿಸಿಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 125 ಇತ್ತು, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144. ಅದರ 4ನೇ ಉಪವಿಭಾಗದಲ್ಲಿ, ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಜೀವನಾಂಶ ಇಲ್ಲ ಎಂದಿದೆ. ಆ ಕಡೆಯ ವಕೀಲರು ಮೊದಲು ಹಿಡಿಯುವುದೇ ಇದನ್ನು. ಮಗನ ಹಕ್ಕಿಗೆ ಇದು ತಟ್ಟುವುದಿಲ್ಲ, ಅವನ ಪರವಾಗಿ ಕೇಳಿ. ಇರಲಿ, ನೀವು ನಿಜವಾಗಿ ಒಪ್ಪಿಯೇ ಹೊರಗೆ ಬಂದಿರಾ?

ಹೊಂಗೆನೆರಳು:
ಇಲ್ಲ ಸರ್. ಬಟ್ಟೆಬರೆ ಸಮೇತ ತವರಿಗೆ ಬಿಟ್ಟು ಹೋದರು. ಪೇಪರ್ ಆಮೇಲಿನದು. ‘ವಾಪಸ್ ಬರಬೇಡ’ ಎಂದು ಅವರು ಕಳಿಸಿದ ಮೆಸೇಜ್ ಫೋನಿನಲ್ಲಿದೆ.

ಮಳೆಬಿಲ್ಲು:
ಅಕ್ಕಾ, ಆ ಮೆಸೇಜ್ ಅಳಿಸಬೇಡಿ! ನಾನು ಕೋರ್ಟಿನಲ್ಲೇ ಜುಡಿಷಿಯಲ್ ಸೆಪರೇಶನ್ (ಮದುವೆ ಮುರಿಯದೆ ಬೇರೆ ಇರಲು ಕೋರ್ಟು ಕೊಡುವ ಡಿಕ್ರಿ, ಅಂದರೆ ತೀರ್ಪು) ಪಡೆದವಳು, ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 10. ನೇರ ಡೈವೋರ್ಸ್ ಯಾಕೆ ಕೇಳಲಿಲ್ಲ ಅಂತ ಎಲ್ಲರೂ ತಲೆ ತಿಂದರು. ಆಗ ಮನಸ್ಸು ಅಷ್ಟಕ್ಕೆ ಗಟ್ಟಿಯಾಗಿರಲಿಲ್ಲ, ಅಷ್ಟೇ. ಡಿಕ್ರಿ ಆದಮೇಲೆ ಜೊತೆಗಿರುವ ಬಾಧ್ಯತೆ ಇಲ್ಲ, ಮದುವೆ ಮಾತ್ರ ಉಳಿಯುತ್ತದೆ. ಒಂದು ವರ್ಷ ಕೂಡಿ ಬಾಳದಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ಡೈವೋರ್ಸ್ ಕೇಳಬಹುದು. ಸೆಕ್ಷನ್ 25ರಲ್ಲಿ ನನಗೆ ಜೀವನಾಂಶವೂ ಆಯಿತು.

ಯಾರೂ ಹೇಳದ ಒಂದು ವಿಷಯ: ಈ ಡಿಕ್ರಿ ಇದ್ದರೂ ಗಂಡ ನನ್ನ ವಾರಸುದಾರನೇ. ಬೇರೆ ಇದ್ದು, ನನ್ನ ಸಂಬಳದಲ್ಲಿ ಕೊಂಡ ಸೈಟು ಅವನಿಗೂ ಪಾಲಾಗಬೇಕಾ? ಸುಮ್ನೆ ಒಂದು ವಿಲ್ ಬರೆದಿಟ್ಟೆ. ನೀವೂ ಬರೆಯಿರಿ.

ಕರಿಕೋಟು:
ತವರಿಗೆ ಬಿಟ್ಟುಹೋದದ್ದಾದರೆ ಕೇಸಿನ ರೂಪವೇ ಬೇರೆ. ಮೆಸೇಜನ್ನು ಸ್ಕ್ರೀನ್‌ಶಾಟ್ ತೆಗೆದರೆ ಸಾಲದು, ಫೋನನ್ನೂ ಜೋಪಾನ ಮಾಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ. 144ರ ಅರ್ಜಿಯನ್ನು ನಿಮಗೂ ಮಗನಿಗೂ ಸೇರಿಸಿಯೇ ಹಾಕಿಸಿ. ಇನ್ನು ಮುಂದೆ ಹಿರಿಯರು ಏನೇ ಬರೆಸಿದರೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.