«ಒರಿಜಿನಲ್ ಜಿಟಿ»: ಮೆಕ್ಯಾನಿಕಲ್ ಹುಡುಗ್ರು ಗುಂಪಲ್ಲಿ ಒಂದು ಭಾನುವಾರ

ಬೆಣ್ಣೆದೋಸೆ, 8:12
ಫಾರ್ವರ್ಡ್: «ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ (ಟರ್ಬೊ ಪೆಟ್ರೋಲ್) 2014, ಕೆಎ-17, 78 ಸಾವಿರ ಕಿಮೀ, ಸಿಂಗಲ್ ಓನರ್. ನಾಲ್ಕು ಸಿಲಿಂಡರ್ 1.2 ಲೀಟರ್, 7 ಸ್ಪೀಡ್ ಡಿಎಸ್‌ಜಿ ಆಟೋಮ್ಯಾಟಿಕ್. ಇದೇ ಒರಿಜಿನಲ್ ಹಾಟ್ ಹ್ಯಾಚ್ (ಚಿಕ್ಕ ಗಾಡಿ, ಜೋರು ಎಂಜಿನ್). 2020ರ ಮೇಲೆ ಬಂದ 1.0 ಬರೀ ಸ್ಟಿಕ್ಕರ್ ಜಿಟಿ. 5.25 ಲಕ್ಷ, ಚೌಕಾಸಿ ಇಲ್ಲ.»
ತಗೊಳ್ಳೋಣ ಅಂತಿದ್ದೀನಿ, ಏನಂತೀರಿ? 2021ರ ಪೋಲೊ 1.0 ಒಂದು ಇದಕ್ಕಿಂತ 2 ಲಕ್ಷ ಜಾಸ್ತಿಗೆ ಐತೆ.

ದುರ್ಗದ ಗಾಳಿ, 8:15
ಬರೆದೋನು ಸುಳ್ಳೇನೂ ಬರೆದಿಲ್ಲ. 2013ರಲ್ಲಿ ಬಂದ 1.2 ನಾಲ್ಕು ಸಿಲಿಂಡರ್, 105 ಪಿಎಸ್ (ಹಾರ್ಸ್‌ಪವರ್ ಥರದ ಲೆಕ್ಕ). 2020ರದ್ದು 999 ಸಿಸಿ, ಮೂರು ಸಿಲಿಂಡರ್, 110 ಪಿಎಸ್. ಕಾಗದದ ಮೇಲೆ 5 ಪಿಎಸ್ ಜಾಸ್ತಿ, ಆದ್ರೆ ಟಾರ್ಕ್, ಅಂದ್ರೆ ಎಳೆಯೋ ಬಲ, ಎರಡಕ್ಕೂ 175 ಎನ್‌ಎಂ ಅಷ್ಟೇ. ಹಳೇದ್ರಲ್ಲಿ ಅದು 1500 ಆರ್‌ಪಿಎಮ್ಮಿಗೇ ಕೈಗೆ ಬರ್ತೈತೆ, ಹೊಸದ್ರಲ್ಲಿ 1750ರವರೆಗೆ ಕಾಯಬೇಕು. ಹಂಪ್ ಇಳಿದು ಎರಡನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಆ 250 ಆರ್‌ಪಿಎಂ ಏನು ಅಂತ ಗೊತ್ತಾಗ್ತೈತೆ.

ಹರಿಹರ ಎಕ್ಸ್‌ಪ್ರೆಸ್, 8:17
ಹಳೇ ಫೋಕ್ಸ್‌ವ್ಯಾಗನ್ ಅಂದ್ರೆ ಆ ಹೊಗೆ ಹಗರಣದ ಎಂಜಿನ್ ಅಲ್ವೇನ್ರಪ್ಪ?

ಸ್ಪ್ಯಾನರ್, 8:18
ಅದು ಡೀಸೆಲ್ಲು, ಇಎ189 ಅನ್ನೋ ಎಂಜಿನ್ನು. 2015ರ ಡಿಸೆಂಬರಲ್ಲಿ ಇಲ್ಲಿ 3,23,700 ಗಾಡಿ ವಾಪಸ್ ಕರೆದ್ರಲ್ಲ, ಅದು. ಟಿಎಸ್‌ಐ ಪೆಟ್ರೋಲು, ಸಂಬಂಧ ಇಲ್ಲ.

ಸ್ಪ್ಯಾನರ್, 8:26
ಗಾಳಿ, ನೀನು ಎಂಜಿನ್ ಹಿಡ್ಕೊಂಡು ಕೂತಿದ್ದೀಯ. ಈ ಎರಡು ತಲೆಮಾರಿನ ಮಧ್ಯೆ ಇರೋ ಅಂತರ ಗೇರ್‌ಬಾಕ್ಸು. 1.2ಕ್ಕೆ ಹಾಕಿದ್ದು ಡಿಕ್ಯೂ200, ಒಣ ಕ್ಲಚ್ಚಿನ ಡಿಎಸ್‌ಜಿ. ಒಳಗೆ ಎರಡು ಕ್ಲಚ್ಚು: ಕೆ1 ಮೇಲೆ 1, 3, 5, 7ನೇ ಗೇರು, ಕೆ2 ಮೇಲೆ 2, 4, 6 ಮತ್ತು ರಿವರ್ಸ್. ಎರಡನ್ನೂ ಆಡಿಸೋದು ಮೆಕಾಟ್ರಾನಿಕ್ ಅನ್ನೋ ಡಬ್ಬಿ, ಅದರೊಳಗೆ ಪಂಪು, ವಾಲ್ವು, ಎಲೆಕ್ಟ್ರಾನಿಕ್ಸ್ ಎಲ್ಲಾ ಒಟ್ಟಿಗೆ. ಅದರ ಅಕ್ಯುಮುಲೇಟರ್ (ಎಣ್ಣೆ ಒತ್ತಡ ಕೂಡಿಡೋ ಭಾಗ) ಕೂರೋ ಅಲ್ಯೂಮಿನಿಯಂ ಜಾಗದಲ್ಲಿ ಬಿರುಕು ಬಿಟ್ರೆ ಎಣ್ಣೆ ಸೋರ್ತೈತೆ, ಪಂಪು ತಿರುಗಿದಷ್ಟೂ ಒತ್ತಡ ಏರಲ್ಲ. ಸ್ಕ್ಯಾನರಲ್ಲಿ ಪಿ17ಬಿಎಫ್ ಅನ್ನೋ ದೋಷದ ಕೋಡ್ ಬರ್ತೈತೆ. ಡ್ಯಾಶ್‌ಬೋರ್ಡಲ್ಲಿ ಗೇರ್ ಅಕ್ಷರ ಮಿಣಮಿಣ ಅಂತೈತೆ, ಗಾಡಿ ನ್ಯೂಟ್ರಲ್ಲಿಗೆ ಬಿದ್ದು ನಿಂತಲ್ಲೇ ನಿಲ್ತೈತೆ. ಮೊದಲ ವರ್ಷಗಳ ಯೂನಿಟ್ಟಲ್ಲಿ ಸಿಂಥೆಟಿಕ್ ಎಣ್ಣೆಯಿಂದ ಒಳಗೆ ಶಾರ್ಟ್ ಆಗೋ ಕಾಯಿಲೆ ಬೇರೆ ಇತ್ತು. 2013ರಲ್ಲಿ ಕಂಪನಿಯೇ ಎಷ್ಟೋ ದೇಶಗಳಲ್ಲಿ ಅದನ್ನು ತೆಗೆದು ಮಿನರಲ್ ಎಣ್ಣೆ ಹಾಕಿಸ್ತು.

ದುರ್ಗದ ಗಾಳಿ, 8:29
ಅದೇ ಡಿಕ್ಯೂ200 ಇವತ್ತಿಗೂ ಫೋಕ್ಸ್‌ವ್ಯಾಗನ್ ವರ್ಟಸ್, ಟೈಗುನ್ 1.5ರಲ್ಲಿ ಬರ್ತೈತೆ. ಅಷ್ಟು ಕೆಟ್ಟದಾದ್ರೆ ಯಾಕೆ ಹಾಕ್ತಿದ್ರು?

ಸ್ಪ್ಯಾನರ್, 8:31
ಕೆಟ್ಟದ್ದು ಅಂತ ಯಾರಂದ್ರು? ಹೈವೇಲಿ ಇದಕ್ಕೆ ಸಾಟಿ ಇಲ್ಲ. ಆದ್ರೆ ಹೊಸ ಗಾಡಿಲಿ ವಾರಂಟಿ ಐತೆ, 2014ರದ್ದಕ್ಕೆ ಓನರ್ ಜೇಬೇ ವಾರಂಟಿ. ಅಶೋಕ ಟಾಕೀಸ್ ರೈಲ್ವೆ ಗೇಟ್ ಹತ್ರ ಹೇಗೆ ಓಡಿಸ್ತಾರೆ ನೆನಪಿಸ್ಕೊ: ಬ್ರೇಕ್ ಅರ್ಧ ಬಿಟ್ಟು ಒಂದೊಂದು ಅಡಿ ತೆವಳೋದು. ಅಷ್ಟು ಹೊತ್ತೂ ಕೆ1 ಅರ್ಧ ಹಿಡಿದು ಜಾರ್ತಾ ಇರ್ತೈತೆ. ಎಣ್ಣೆ ಇಲ್ಲದ ಕ್ಲಚ್ಚು, ಬಿಸಿ ಹೋಗೋಕೆ ದಾರಿ ಇಲ್ಲ. ಬ್ರೇಕ್ ಪೂರ್ತಿ ತುಳಿದಿದ್ರೆ ಕ್ಲಚ್ ಬಿಟ್ಕೊಂಡಿರ್ತೈತೆ, ಸವೆತ ಇಲ್ಲ. ಮುಂದೆ ಒಂದು ಗಾಡಿಯಷ್ಟು ಜಾಗ ಆಗೋತನಕ ನಿಂತು, ಆಮೇಲೆ ಒಂದೇ ಸಲ ಸಾಗಬೇಕು. ಏರಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸೋರಂತೂ ಕ್ಲಚ್ ಸೆಟ್ಟಿಗೆ ಅಡ್ವಾನ್ಸ್ ಕೊಟ್ಟಂಗೆ.

ಹರಿಹರ ಎಕ್ಸ್‌ಪ್ರೆಸ್, 8:33
ಗೇಟ್ ಬಿದ್ದಾಗ ಇಳಿದು ಮಂಡಕ್ಕಿ ಮಿರ್ಚಿ ತಿಂದು ಬಂದ್ರೆ ಕ್ಲಚ್ಚೂ ಉಳೀತು, ಹೊಟ್ಟೇನೂ ತುಂಬ್ತು 😄

ಲೆಕ್ಕಾಚಾರಿ, 8:40
ನಂದು ದುಡ್ಡಿನ ಮಾತು. 2014ರದ್ದಕ್ಕೆ ಆರ್‌ಸಿ 2029ಕ್ಕೆ ಮುಗೀತೈತೆ. ಆಮೇಲೆ ತಪಾಸಣೆ ಮಾಡಿಸಿ, ಫೀ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸ್ಕೋಬೇಕು. 2021ರದ್ದು 2036ರವರೆಗೆ ನಿಶ್ಚಿಂತೆ. ಇನ್ಶೂರೆನ್ಸ್ ಐತಲ್ಲ ಅಂತ ನೆಚ್ಕೋಬೇಡಿ. ಮೆಕಾಟ್ರಾನಿಕ್ ತಾನಾಗಿ ಕೈಕೊಟ್ರೆ ಅದು ಮೆಕ್ಯಾನಿಕಲ್ ಬ್ರೇಕ್‌ಡೌನು, ಪಾಲಿಸಿ ಕೊಡಲ್ಲ. ಐದು ವರ್ಷ ದಾಟಿದ ಗಾಡಿಯ ಐಡಿವಿಗೆ (ಪಾಲಿಸೀಲಿ ಗಾಡಿಗೆ ಕಟ್ಟೋ ಬೆಲೆ) ಪಟ್ಟಿ ಇಲ್ಲ, ಮಾತಾಡಿ ಕುದುರಿಸೋದು. ಅಂದ್ರೆ ಆ 2 ಲಕ್ಷದ ವ್ಯತ್ಯಾಸ ಉಳಿತಾಯ ಅಲ್ಲ, ಹಳೇದಕ್ಕೆ ತೆಗೆದಿಡಬೇಕಾದ ರಿಪೇರಿ ನಿಧಿ.

ಬೆಣ್ಣೆದೋಸೆ, 8:42
ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲಿಂದ ಹಳೇದಕ್ಕೆ ಜಾಸ್ತಿ ತೊಂದ್ರೆ ಅಂತಾರಲ್ಲ, ಅದೂ ಒಂದು ಕಾರಣ ತಾನೆ?

ಸ್ಪ್ಯಾನರ್, 8:44
ಅದರಲ್ಲಿ ಇಬ್ಬರೂ ಒಂದೇ ದೋಣಿ. ಇ20ಗೆ ತಕ್ಕ ಸಾಮಾನು ಹಾಕಿ ಗಾಡಿ ಮಾಡೋದು ಕಡ್ಡಾಯ ಆಗಿದ್ದು 2023ರ ಏಪ್ರಿಲ್‌ನಿಂದ, ಪೋಲೊ 2022ಕ್ಕೇ ನಿಂತೋಯ್ತು. ವಯಸ್ಸಾದ ರಬ್ಬರ್ ಪೈಪು ಹಳೇದ್ರಲ್ಲಿ ಜಾಸ್ತಿ, ಅಷ್ಟೇ.

ದುರ್ಗದ ಗಾಳಿ, 8:50
1.0ರ ದೋಷಾನೂ ಹೇಳ್ರಪ್ಪ, ಅದೇನು ಮಠದ ಸ್ವಾಮಿಗಳಾ? ಐಡ್ಲಲ್ಲಿ ನಡುಕ. ಅದು ಇಎ211 ಎಂಜಿನ್ ಕುಟುಂಬ, ಅದರ ವಾಟರ್ ಪಂಪ್–ಥರ್ಮೋಸ್ಟಾಟ್ ಹೌಸಿಂಗ್ ಪ್ಲಾಸ್ಟಿಕ್ಕು, ಗೇರ್‌ಬಾಕ್ಸ್ ಕಡೆ ತುದೀಲಿ ಕೂತಿರ್ತೈತೆ, ಸೀಲ್ ಹೋದ್ರೆ ಗುಲಾಬಿ ಬಣ್ಣದ ಕಲೆ ಬಿಟ್ಕೊಂಡು ಸೋರ್ತೈತೆ. ಕೂಲಂಟ್ ನಿಧಾನಕ್ಕೆ ಇಳೀತಿದ್ರೂ ಸರ್ವೀಸಲ್ಲಿ ಬರೀ ಟಾಪ್‌ಅಪ್ ಮಾಡಿ ಕಳಿಸ್ತಾರೆ.

ಸ್ಪ್ಯಾನರ್, 8:55
ಒಪ್ಪಿದೆ. ಆದ್ರೆ ಆ ಹೌಸಿಂಗ್ ಒಂದು ಪಾರ್ಟು, ಒಂದು ದಿನದ ಕೆಲಸ. ಮತ್ತೆ ಅದೇ 1.0 ಕುಟುಂಬ ಸ್ಕೋಡಾ ಕುಶಾಕ್, ಸ್ಲಾವಿಯಾ, ಟೈಗುನ್, ವರ್ಟಸ್‌ನಲ್ಲಿ 115 ಪಿಎಸ್ ಆಗಿ ಓಡ್ತಿರೋದ್ರಿಂದ ಎಂಜಿನ್ ಸಾಮಾನಿಗೆ ಬರಗಾಲ ಬರಲ್ಲ. ಫೋಕ್ಸ್‌ವ್ಯಾಗನ್ನಿನ ಈ 1.2 ಟಿಎಸ್‌ಐ ಇಲ್ಲಿ ಈಗ ಯಾವ ಹೊಸ ಗಾಡೀಲೂ ಇಲ್ಲ. ಹತ್ತು ವರ್ಷ ಇಟ್ಕೊಳ್ಳೋನಿಗೆ ಇದು ದೊಡ್ಡ ವಿಷಯ.

ಸ್ಪ್ಯಾನರ್, 8:57
1.0ರಲ್ಲೂ ಎರಡು ಜಾತಿ. ಜಿಟಿ ಬ್ಯಾಡ್ಜ್ ಇರೋದು 6 ಸ್ಪೀಡ್ ಟಾರ್ಕ್ ಕನ್ವರ್ಟರ್ (ಎಣ್ಣೆ ಮೂಲಕ ಶಕ್ತಿ ದಾಟಿಸೋ) ಆಟೋಮ್ಯಾಟಿಕ್ಕಿಗೆ. ಹೈಲೈನ್ ಪ್ಲಸ್ಸಲ್ಲಿ ಬ್ಯಾಡ್ಜ್ ಇಲ್ಲ, ಆದ್ರೆ ಅದೇ 110 ಪಿಎಸ್ ಜೊತೆ 6 ಸ್ಪೀಡ್ ಮ್ಯಾನ್ಯುಯಲ್. ನನ್ನ ಓಟು ಬ್ಯಾಡ್ಜ್ ಇಲ್ಲದ ಅದಕ್ಕೇ. ಕ್ಲಚ್ ಸವೆದ್ರೆ ನಮ್ಮೂರಲ್ಲೇ ಯಾರಾದ್ರೂ ಇಳಿಸಿ ಹಾಕ್ತಾರೆ.
ಆಟೋಮ್ಯಾಟಿಕ್ ತಗೊಂಡ್ರೆ «ಲೈಫ್‌ಟೈಮ್ ಆಯಿಲ್» ಅನ್ನೋದು ನಂಬಬೇಡಿ, 60 ಸಾವಿರಕ್ಕೊಮ್ಮೆ ಬದಲಿಸಿ. ಒಟ್ಟು 7 ಲೀಟರ್, ಒಮ್ಮೆ ಬಿಚ್ಚಿದ್ರೆ 3 ಲೀಟರ್ ಆಸುಪಾಸು ಮಾತ್ರ ಇಳಿಯೋದು. ಲೆವೆಲ್ ನೋಡೋದು ಡಿಪ್‌ಸ್ಟಿಕ್ಕಲ್ಲಿ ಅಲ್ಲ. ಎಂಜಿನ್ ಚಾಲೂ ಇದ್ದು ಗೇರ್ ಎಣ್ಣೆ 35ರಿಂದ 45 ಡಿಗ್ರಿ ಒಳಗಿದ್ದಾಗ ಕೆಳಗಿನ ಪ್ಲಗ್ಗಿಂದ ತೊಟ್ಟು ತೊಟ್ಟಾಗಿ ಬೀಳಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಆ ಕೆಲಸಕ್ಕೆ ಕೂತ್ರೆ ತಾಪ ಕೈಮೀರಿ ಹೋಗಿ ಲೆಕ್ಕ ತಪ್ತೈತೆ, ಬೆಳಗ್ಗೆನೇ ಮಾಡಿಸಿ.

ಹರಿಹರ ಎಕ್ಸ್‌ಪ್ರೆಸ್, 9:02
ನಿಜವಾದ ಹಾಟ್ ಹ್ಯಾಚ್ ಅಂದ್ರೆ 2016ರ ಪೋಲೊ ಜಿಟಿಐ. ಇವೆರಡೂ ಅದರ ದಾಯಾದಿಗಳು.

ದುರ್ಗದ ಗಾಳಿ, 9:05
ಈ ಸಲ ಸರಿಯಾಗಿ ಅಂದೆ. 1.8 ಲೀಟರ್, 192 ಪಿಎಸ್, ಮೂರೇ ಬಾಗಿಲು. ಭಾರತಕ್ಕೆ ಅಂತ ಇಟ್ಟಿದ್ದು 99 ಗಾಡಿ, 25.99 ಲಕ್ಷಕ್ಕೆ. ಮುಂದಿನ ವರ್ಷ 19.99ಕ್ಕೆ ಇಳಿಸಿದ್ರು, ಮೊದಲು ಕೊಂಡೋರ ಹೊಟ್ಟೆ ಉರೀತು. ಒಂದು ತಮಾಷೆ ನೋಡು: ಹೊರದೇಶದಲ್ಲಿ ಮ್ಯಾನ್ಯುಯಲ್ಲಿಗೆ 320 ಎನ್‌ಎಂ ಕೊಟ್ಟಿದ್ರು, ಡಿಎಸ್‌ಜಿಗೆ 250 ಮಾತ್ರ, ಯಾಕಂದ್ರೆ ಡಿಕ್ಯೂ200 ತಡೆಯೋದೇ ಅಷ್ಟು. ಇನ್ನು 2025ರ ಗಾಲ್ಫ್ ಜಿಟಿಐ, 265 ಪಿಎಸ್, 53 ಲಕ್ಷ. ಅದು ನಮ್ಮ ಗುಂಪಿನ ವಿಷಯ ಅಲ್ಲ ಬಿಡಪ. 1976ರಲ್ಲಿ ಮಾರಾಟಕ್ಕೆ ಬಂದ ಮೊದಲ ಗಾಲ್ಫ್ ಜಿಟಿಐಗೆ ಇದ್ದಿದ್ದೂ 110 ಪಿಎಸ್ಸೇ. ಹಂಗಾಗಿ 1.0ನ ಪೂರ್ತಿ ಬೈಯಕ್ಕೂ ಬಾಯಿ ಬರಲ್ಲ.

ಬೆಣ್ಣೆದೋಸೆ, 9:08
ಸರಿ ಮಾರಾಯ್ರೇ, ಆದ್ರೂ 1.2 ಒಂದ್ಸಲ ನೋಡಿ ಬರ್ತೀನಿ. ಏನೇನು ನೋಡ್ಲಿ?

ಸ್ಪ್ಯಾನರ್, 9:21
ಬೆಳಗ್ಗೆ 7ಕ್ಕೆ ಹೋಗು. ಹೋದ ಕೂಡ್ಲೇ ಮಾತಾಡೋಕೆ ಮುಂಚೆ ಬಾನೆಟ್ ಮೇಲೆ ಕೈ ಇಡು, ತಣ್ಣಗಿರ್ಬೇಕು. ಡಿಕ್ಕಿ ಸ್ಟೆಪ್ನಿ ಗುಂಡಿಯಲ್ಲಿ ಒಂದು ಸ್ಟಿಕ್ಕರ್ ಇರ್ತೈತೆ, ಅದರಲ್ಲಿ ಎಂಜಿನ್ ಕೋಡ್ ನೋಡು. ಸಿಬಿಝಡ್ ಅಂತ ಶುರುವಾದ್ರೆ ಟೈಮಿಂಗ್ ಚೈನು. ಸ್ಟಾರ್ಟ್ ಮಾಡಿಸಿ ಡ್ರೈವರ್ ಕಡೆಯ ಮಡ್‌ಗಾರ್ಡ್ ಪಕ್ಕ ಕಿವಿ ಕೊಡು, ಚೈನ್ ಇರೋದು ಆ ಕಡೆ. ಮೊದಲ ಎರಡು ಮೂರು ಸೆಕೆಂಡು ಡಬ್ಬೀಲಿ ಮೊಳೆ ಹಾಕಿ ಅಲ್ಲಾಡಿಸಿದ ಸದ್ದು ಬಂದು ನಿಂತ್ರೆ ಚೈನ್ ಹಿಗ್ಗೈತೆ, ಇಲ್ಲಾ ಟೆನ್ಶನರ್ ಸೋತೈತೆ. ಎಂಜಿನ್ ಬಿಸಿ ಆದ್ಮೇಲೆ ಆ ಸದ್ದು ಸಿಗಲ್ಲ.

ಆಮೇಲೆ ಸಮತಟ್ಟು ಜಾಗದಲ್ಲಿ ಡಿ ಹಾಕಿ ಬ್ರೇಕ್ ಬಿಡು, ಆಕ್ಸಿಲರೇಟರ್ ಮುಟ್ಬೇಡ. ನೀರು ಹರಿದಂಗೆ ಸಾಗಬೇಕು, ನಡುಗಬಾರದು. ರಿಂಗ್ ರೋಡಲ್ಲಿ 40ರಿಂದ 10ಕ್ಕೆ ಇಳಿಸಿ ಮತ್ತೆ ಮೆಲ್ಲಗೆ ಒತ್ತು. ಹೋಗೋ ಕ್ಲಚ್ಚು ಮೊದಲು ಅಲ್ಲೇ ಬಾಯಿ ಬಿಡೋದು. ಏರಿಗೆ ರಿವರ್ಸ್ ಹೊಡೆದ್ರೆ ಕೆ2 ಗೊತ್ತಾಗ್ತೈತೆ. ಹೈವೇಲಿ ಜೋರಾಗಿ ಒತ್ತಿದಾಗ ದಮ್ಮು ಕಟ್ಟಿ ಇಪಿಸಿ ಅನ್ನೋ ಎಂಜಿನ್ ಎಚ್ಚರಿಕೆ ಲೈಟ್ ಬಂದ್ರೆ ಟರ್ಬೊದ ಒತ್ತಡ ಹಿಡಿತದಲ್ಲಿಡೋ ವೇಸ್ಟ್‌ಗೇಟ್ ಕಡ್ಡಿ ಹಿಡ್ಕೊಂಡಿರಬಹುದು, ಪಿ0299 ಕೋಡ್ ಐತಾ ನೋಡು.

ಸ್ಕ್ಯಾನರ್ ಮಾತು. ಅಗ್ಗದ ಬ್ಲೂಟೂತ್ ಡಾಂಗಲ್ ಎಂಜಿನ್ನಿನ ದೋಷದ ಕೋಡ್ ಮಾತ್ರ ಓದೋದು. ಗೇರ್‌ಬಾಕ್ಸ್ ಬೇಕಾದ್ರೆ ವಿಸಿಡಿಎಸ್ ಥರದ ಫೋಕ್ಸ್‌ವ್ಯಾಗನ್ ಸ್ಕ್ಯಾನರ್ ತಗೊಂಡು 02 ವಿಳಾಸ ತೆಗಿ. ಕೋಡ್ ಒಂದೂ ಇಲ್ಲ ಅಂತ ಖುಷಿಪಡಬೇಡ, ರೆಡಿನೆಸ್ (ಗಾಡಿ ತನ್ನನ್ನೇ ಪರೀಕ್ಷಿಸಿಕೊಂಡು ಮುಗಿಸಿದೆಯಾ ಅನ್ನೋ ಗುರುತು) ನೋಡು. ಅದು ಅಪೂರ್ಣ ಅಂತ ಬಂದ್ರೆ ಹಿಂದಿನ ಸಂಜೆನೇ ಯಾರೋ ಕೋಡ್ ಅಳಿಸಿರ್ತಾರೆ, ಇಲ್ಲಾ ಬ್ಯಾಟರಿ ಬಿಚ್ಚಿರ್ತಾರೆ.

ಲೆಕ್ಕಾಚಾರಿ, 9:24
ಕ್ಲಚ್, ಮೆಕಾಟ್ರಾನಿಕ್ ಬದಲಿಸಿದ ಬಿಲ್ ಇದ್ರೆ 5.25 ಕೊಡಬಹುದು. ಇಲ್ಲದಿದ್ರೆ 4ರ ಮೇಲೆ ಒಂದು ರೂಪಾಯಿನೂ ಬೇಡ. ಮೆಕಾಟ್ರಾನಿಕ್ ಬಿಲ್ ಲಕ್ಷ ದಾಟ್ತೈತೆ.

ದುರ್ಗದ ಗಾಳಿ, 9:26
4 ಅಂದ್ರೆ ಅವಮಾನ. 4.5.

ಲೆಕ್ಕಾಚಾರಿ, 9:26
ಆ ಅರ್ಧ ಲಕ್ಷ ನೀನೇ ಕೊಡು.

ಬೆಣ್ಣೆದೋಸೆ, 9:41
ನಾಳೆ ಬೆಳಗ್ಗೆ 7ಕ್ಕೆ ಬರ್ತೀನಿ ಅಂತ ಮಾರೋನಿಗೆ ಮೆಸೇಜ್ ಹಾಕಿದೆ. ಅವನ ಉತ್ತರ ಫಾರ್ವರ್ಡ್ ಮಾಡ್ತಿದ್ದೀನಿ:
«ಬನ್ನಿ ಸಾರ್, ನೀವು ಬರೋದ್ರೊಳಗೆ ಸ್ಟಾರ್ಟ್ ಮಾಡಿ ಒಂದು ರೌಂಡ್ ಹೊಡೆದು ರೆಡಿ ಇಟ್ಟಿರ್ತೀನಿ.»

ಸ್ಪ್ಯಾನರ್, 9:42
6ಕ್ಕೇ ಹೋಗು.